ಅಮ್ಮನ ಕಿಟಕಿಗೆ ಕಾಣುವ ಚಿಲುಮೆ

ಮಾರ್ಚ್ ೧೧, ಮಂಗಳವಾರ
ಪ್ರಯೋಗಾಲಯದಿಂದ

ಪ್ರೀತಿಯ ಪುಟ್ಟೀ,

ಮೊದಲು ಬೈಯುವುದನ್ನೆಲ್ಲ ಬೈದು ಮುಗಿಸಿಬಿಡು, ಆಮೇಲೆ ಓದು. ನಿನ್ನ ಎರಡು ಪತ್ರಗಳೂ ನನ್ನ ಕೈಚೀಲದಲ್ಲೇ ಊರು ಸುತ್ತುತ್ತಿವೆ. ಒಂದರ ಮೇಲೆ ಕೆರೆಯ ನೀರು ಚೆಲ್ಲಿ ಶಾಯಿ ಹರಡಿಕೊಂಡಿದೆ, ಆದರೂ ನೀನು ಎಲ್ಲೆಲ್ಲಿ ನನ್ನನ್ನು ಸೋಮಾರಿ ಅಂದಿದ್ದೀಯೋ ಅಷ್ಟು ಮಾತ್ರ ಸ್ಪಷ್ಟವಾಗಿ ಉಳಿದಿದೆ. ಉತ್ತರ ಬರೆಯಬಾರದೆಂದಲ್ಲ ಕಣೇ, ಕೂರಬೇಕಲ್ಲ! ಈಚೆಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. "ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತಿದೀಯಲ್ಲೇ, ಒಂದು ಕಡೆ ಕೂತ್ಕೋ," ಎಂದು ನಿನ್ನ ಭಾವ ದಿನಾ ಹೇಳುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಗೋಡೆಗಳಿಗಿಂತ ಅಮ್ಮನ ಕಿವಿ ಚುರುಕು. ಅದಕ್ಕೇ ಇಲ್ಲಿ, ಕೆಲಸದ ಮೇಜಿನ ಮೇಲೆ, ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ.

ನಿನ್ನ ಮಗಳು ಸೈಕಲ್ ಕಲಿತಳೆಂದು ಓದಿ ಖುಷಿಯಾಯಿತು. ಮಂಡಿ ಕೆತ್ತಿಕೊಂಡದ್ದಕ್ಕೆ ಇನ್ನೂ ಖುಷಿಯಾಯಿತು, ದೊಡ್ಡಮ್ಮನ ರಕ್ತ ಅಂತ ಗೊತ್ತಾಗುತ್ತದೆ.

ಅಮ್ಮ ಚೆನ್ನಾಗಿದ್ದಾಳೆ. ಸೊಂಟದ ನೋವು ಅಷ್ಟಾಗಿ ಇಲ್ಲ. ವಾಕರ್ ಹಿಡಿದುಕೊಂಡು ತನ್ನ ಕೋಣೆಯಿಂದ ತನ್ನ ಬಚ್ಚಲುಮನೆಗೆ ತಾನೇ ಹೋಗಿ ಬರುತ್ತಾಳೆ, ಯಾರನ್ನೂ ಕರೆಯುವುದಿಲ್ಲ. ನೀನು ನಕ್ಷೆ ಬರೆದು ಕಳಿಸಿದ್ದೆಯಲ್ಲ, ಗೋಡೆಗೆ ಹಿಡಿಕೆ, ಎತ್ತರದ ಕಮೋಡು, ಜಾರದ ನೆಲ, ಹೊಸ್ತಿಲೇ ಇಲ್ಲದ ಬಾಗಿಲು, ಎಲ್ಲ ಹಾಗೆಯೇ ಇದೆ. ಬಂದವರಿಗೆಲ್ಲ ತೋರಿಸುತ್ತಿದ್ದಳು: "ಚಿಕ್ಕವಳು ಬರೆದಳು, ದೊಡ್ಡವಳು ಕಟ್ಟಿಸಿದಳು. ನಾನು ಮಹಾರಾಣಿ." ಆದರೆ ಈಚೆಗೆ ಸ್ವಲ್ಪ ಮಂಕಾಗಿದ್ದಾಳೆ. ತುಟಿ ಒಣಗಿರುತ್ತದೆ, ಬೇಗ ಸುಸ್ತಾಗುತ್ತಾಳೆ. ಚಿಲುಮೆಯ ಚಿಂತೆ ಇರಬೇಕು. ನಾನೂ ಅದನ್ನೇ ಹೇಳಲು ಹೊರಟದ್ದು.

ನಮ್ಮ ಮನೆಯ ಪಕ್ಕದ ತಗ್ಗಿನ ಚಿಲುಮೆ ಕೆಟ್ಟಿದೆ, ಪುಟ್ಟೀ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ತಿಂಗಳಿಗೊಮ್ಮೆ ಕೆರೆಗಳಿಗೂ ಚಿಲುಮೆಗಳಿಗೂ ಹೋಗಿ ಬಾಟಲಿಯಲ್ಲಿ ನೀರು ತಂದು, ಅದರಲ್ಲಿ ಏನೇನು ಬದುಕಿದೆ, ಬದುಕಬಾರದ್ದು ಏನಾದರೂ ಬದುಕಿದೆಯೇ ಎಂದು ನೋಡುವುದು. ಕೆರೆಯ ನೀರು ನೋಡಿದರೆ ಕಾಲಿಡಲೂ ಮನಸ್ಸಾಗದು, ಅಷ್ಟು ಹಸಿರು. ಅದನ್ನು ನಮ್ಮ 'ಪಾಚಿ' ನೋಡಿಕೊಳ್ಳುತ್ತಾನೆ. ಪಕ್ಕದ ಮೇಜಿನವನು, ಪಾಚಿಯ ವಿಷಯ ಬಿಟ್ಟು ಬೇರೆ ಮಾತೇ ಬರದ್ದರಿಂದ ಆ ಹೆಸರು, ಅವನ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ. ಆ ಕೆರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡಿ, ದೋಣಿ, ಬಾಚಣಿಗೆ, ಅರ್ಧಚಂದ್ರ!" ಎಂದು ಕುಣಿಯುತ್ತಾನೆ. ಆ ಕೊಳಕು ಕೆರೆ ತನ್ನ ಮಟ್ಟಿಗೆ ಆರೋಗ್ಯವಾಗಿಯೇ ಇದೆಯಂತೆ. ಗಾಜಿನ ಹಾಗೆ ತಿಳಿಯಾಗಿರುವ ನಮ್ಮ ಚಿಲುಮೆಯ ನೀರನ್ನು ಸೋಸಿ, ತಟ್ಟೆಯಲ್ಲಿ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮರುದಿನ ತೆಗೆದರೆ ತಟ್ಟೆಯ ತುಂಬ ನೀಲಿ ಚುಕ್ಕೆ. ಮಲದಲ್ಲಿ ಇರುವ ಕ್ರಿಮಿ ಅದು. ಹೋದ ವರ್ಷ ಒಂದು ಚುಕ್ಕೆಯೂ ಇರಲಿಲ್ಲ.

ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ, ಆಮೇಲೆ ಬಾಟಲಿಯನ್ನು. ಮತ್ತೆ ತಂದೆ, ಮತ್ತೆ ನೀಲಿ. ಸೋಪಿನ ಅಂಶವೂ ಇತ್ತು. ದನಕರುಗಳು ಸೋಪು ಹಚ್ಚಿಕೊಂಡು ಮೀಯುವುದಿಲ್ಲವಲ್ಲ, ಯಾವುದೋ ಮನೆಯದೇ.

ಅವತ್ತು ಊಟಕ್ಕೆ ಕೂತಾಗ ತಡೆಯಲಾರದೆ ಹೇಳಿಬಿಟ್ಟೆ. "ಯಾರ ಮನೆ ಹೊಲಸೋ ಚಿಲುಮೆಗೆ ಸೇರ್ತಿದೆ," ಅಂದೆ. ಅಮ್ಮನ ಕೈ ತಟ್ಟೆಯ ಮೇಲೇ ನಿಂತಿತು.

"ಮೊದಲಿಂದ್ಲೂ ಇತ್ತಾ, ಹೊಸದಾ?" ಅಂದಳು.

"ಹೊಸದು. ಹೋದ ವರ್ಷ ಇರ್ಲಿಲ್ಲ. ಯಾರಿಗೆ ನಾಚಿಕೆ ಮಾನ ಇಲ್ವೋ, ಕುಡಿಯೋ ನೀರಿಗೆ ಇಂಥದ್ದು ಬಿಟ್ಟಿದಾರೆ. ಅವರನ್ನ ಹುಡುಕಿ ಬೀದಿಲಿ ನಿಲ್ಲಿಸ್ತೀನಿ ನೋಡ್ತಿರು."

ನನ್ನ ಬಾಯಿ ನಿನಗೆ ಗೊತ್ತಲ್ಲ. 

ಅಮ್ಮನಿಗೆ ಹೇಗಾಗಿರಬೇಡ ಹೇಳು. ನಾವಿಬ್ಬರೂ ಹುಟ್ಟುವ ಮೊದಲಿಂದ ದಿನಾ ಬೆಳಿಗ್ಗೆ ಆ ಮೆಟ್ಟಿಲಿಳಿದು ಹೋಗಿ ತೊಟ್ಟಿ ಉಜ್ಜಿದವಳು. ಎಲೆ ತೆಗೆದು, ಕೊಡ ಅದ್ದಿದವರಿಗೆ ಬೈದು, ಕಾಲು ತೊಳೆಯಲು ಬಂದವರನ್ನು ಓಡಿಸಿ, ಕೊನೆಗೆ ಬೀದಿಯವರ ಬಾಯಲ್ಲಿ 'ಚಿಲುಮೆ ಅಜ್ಜಿ' ಆದವಳು. ಬಿದ್ದು ಸೊಂಟ ಮುರಿದುಕೊಂಡದ್ದೂ ಅದೇ ಮೆಟ್ಟಿಲಲ್ಲಿ. ಈಗ ಇಳಿಯಲಾಗುವುದಿಲ್ಲ. ಮಂಚವನ್ನು ಕಿಟಕಿಗೆ ಒತ್ತಿಸಿಕೊಂಡು ಅಲ್ಲಿಂದಲೇ ಕಾವಲು ಕಾಯುತ್ತಾಳೆ.

ಪುರಸಭೆಯ ಎಂಜಿನಿಯರ್ ಬಂದು ತೊಟ್ಟಿಯ ಪಕ್ಕ 'ಕುಡಿಯಬಾರದು' ಎಂದು ಬೋರ್ಡು ನೆಡಿಸಿ, ನನಗೂ ಒಂದು ಮಾತು ಹೇಳಿಹೋದ: "ಎಲ್ಲಿಂದ ಬರ್ತಿದೆ ಅಂತ ಮಾರ್ಚ್ ಕೊನೇ ಒಳಗೆ ಹುಡುಕಿ ಕೊಡಿ ಮೇಡಂ. ಇಲ್ಲಾಂದ್ರೆ ಸಿಮೆಂಟ್ ಹಾಕಿ ಮುಚ್ಚಿಬಿಡ್ತೀವಿ. ನಾಳೆ ಯಾರಾದ್ರೂ ಕುಡಿದು ಸತ್ರೆ ನನ್ನ ತಲೆಗೆ ಬರುತ್ತೆ." ತಪ್ಪೇನಿಲ್ಲ, ನಾನಾದರೂ ಹಾಗೇ ಹೇಳುತ್ತಿದ್ದೆ. ಆದರೆ ಅಮ್ಮನ ಕಣ್ಣೆದುರಿಗೆ ಆ ತೊಟ್ಟಿಗೆ ಸಿಮೆಂಟು ಸುರಿಯುವುದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ. ಅದಕ್ಕೇ ಈ ಓಡಾಟ.

ಪೆಟ್ಟಿಗೆಯ ಗಂಟೆ ಹೊಡೆಯಿತು. ತಟ್ಟೆ ತೆಗೆಯಬೇಕು, ಮತ್ತೆ ಬರೆಯುತ್ತೇನೆ.

ಶುಕ್ರವಾರ

ಎರಡು ದಿನ ಈ ಕಾಗದವನ್ನು ಮುಟ್ಟಲಾಗಲಿಲ್ಲ.

ಹೇಗೆ ಹುಡುಕುತ್ತೇವೆ ಎಂದು ಹೇಳುತ್ತೇನೆ, ನಿನಗೆ ನಗು ಬರುತ್ತದೆ. ನಮ್ಮಲ್ಲಿ ಒಂದು ಹಸಿರು ಬಣ್ಣದ ಪುಡಿ ಇದೆ, ಅಪಾಯವೇನೂ ಇಲ್ಲ. ಒಂದು ಮನೆಯ ಕಮೋಡಿಗೆ ಅದನ್ನು ಕಲಸಿ ಸುರಿದು, ನಾಲ್ಕಾರು ಬಕೆಟ್ ನೀರು ಬಿಟ್ಟು, ಚಿಲುಮೆಯ ಹತ್ತಿರ ಬಂದು ಕಾಯುವುದು. ಆ ಮನೆಯ ಗುಂಡಿ ಸೋರಿ ಚಿಲುಮೆಗೆ ಸೇರುತ್ತಿದ್ದರೆ ನೀರು ಹಸಿರಾಗುತ್ತದೆ. ಕೆಲವು ದಿನ ಕಾದು, ಬರದಿದ್ದರೆ ಮುಂದಿನ ಮನೆ. ಒಟ್ಟಿಗೇ ಎಲ್ಲ ಮನೆಗೂ ಸುರಿಯುವಂತಿಲ್ಲ, ಯಾರದೆಂದು ಗೊತ್ತಾಗುವುದಿಲ್ಲ. ಹಾಗಾಗಿ ಸುಮಾರು ಒಂದೂವರೆ ತಿಂಗಳಿಂದ ನಾನು ಡಬ್ಬಿ ಹಿಡಿದುಕೊಂಡು ಜನರ ಶೌಚಾಲಯಗಳಿಗೆ ನುಗ್ಗುತ್ತಿದ್ದೇನೆ. ಓದಿಸಿದ ಅಪ್ಪ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು!

ಮೊದಲು ಲಾಂಡ್ರಿ. ಬರಲಿಲ್ಲ. ಆಮೇಲೆ ಶಾಲೆ. ಬರಲಿಲ್ಲ. ನನ್ನ ಅನುಮಾನವೆಲ್ಲ ಇದ್ದದ್ದು ಚಿಲುಮೆಯ ನೆತ್ತಿಯ ಮೇಲೇ ಕೂತಿರುವ ಲಾಡ್ಜಿನ ಮೇಲೆ. ಪುರಸಭೆಯ ಸಭೆಯಲ್ಲಿ ಎಲ್ಲರೆದುರಿಗೆ, "ನಿಮ್ಮದೇ ಇರ್ಬೇಕು," ಅಂದೂಬಿಟ್ಟಿದ್ದೆ. ಲಾಡ್ಜಿನ ಯಜಮಾನ ದಪ್ಪ ಮೀಸೆಯ ದೊಡ್ಡ ಮನುಷ್ಯ, ಅವತ್ತು ಮೀಸೆ ಅಲುಗುವಷ್ಟು ಸಿಟ್ಟಾದ. "ಹಾಕಿ ಮೇಡಂ, ಎಷ್ಟು ಬೇಕಾದ್ರೂ ಹಾಕಿ, ಅಷ್ಟೂ ರೂಮಿಗೂ ಹಾಕಿ!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಾನು ಪಾಚಿಗೆ ಪಿಸುಗುಟ್ಟಿದೆ.

ಅಲ್ಲಿಂದಲೂ ಹಸಿರು ಬರಲಿಲ್ಲ. ಹೇಳಲೆಂದು ಬುಧವಾರ ಹೋದಾಗ ಆತ ನನಗೆ ಕುರ್ಚಿ ಎಳೆದುಕೊಟ್ಟು, ಕೆಲಸದವರೆಲ್ಲ ಕೇಳುವ ಹಾಗೆ ಹೇಳಿದ: "ಗುಡ್ಡದ ಮೇಲಿನ ಗುಂಡಿಗಳೆಲ್ಲ ಮುಗಿದ್ವಲ್ಲ ಮೇಡಂ. ಇನ್ನು ಉಳಿದಿರೋದು ನಿಮ್ಮದೊಂದೇ!" ಎಲ್ಲರೂ ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ನಕ್ಕು ಹೊರಗೆ ಬಂದವಳಿಗೆ ಮನೆಗೆ ಹೋಗಲು ಕಾಲೇಳಲಿಲ್ಲ. ಯಾಕೆಂದರೆ ಅಮ್ಮನೂ ಕೇಳಿದ್ದಳು. ಬಣ್ಣ ಸುರಿಯಲು ಶುರು ಮಾಡಿದ ಹೊಸತರಲ್ಲಿ, ನಾನು ಲೋಟಕ್ಕೆ ನೀರು ಬಗ್ಗಿಸುತ್ತಿದ್ದಾಗ, "ನಮ್ಮನೇದೂ ನೋಡ್ತೀಯೇನೇ?" ಅಂದಿದ್ದಳು. "ನಮ್ಮದು ಕೆರೆ ಕಡೆ ಇಳಿಜಾರಮ್ಮ, ಚಿಲುಮೆಗೆ ಹೋಗೋಕೆ ಸಾಧ್ಯಾನೇ ಇಲ್ಲ. ನೀನು ಸುಮ್ನೆ ತಲೆ ಕೆಡಿಸ್ಕೋಬೇಡ," ಅಂದಿದ್ದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಅವಳ ಬಚ್ಚಲಿನ ಗುಂಡಿಯನ್ನು ಕೆರೆಯ ಕಡೆಯ ಅಂಗಳದಲ್ಲಿ ತೋಡಿಸಿದ್ದೇ ಅದಕ್ಕಲ್ಲವೇ? ಮಳೆ ಬಂದರೆ ನಮ್ಮ ಅಂಗಳದ ನೀರೆಲ್ಲ ಕೆರೆಗೇ ಓಡುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು.

ನಿನ್ನೆ ಪಾಚಿಯನ್ನು ಎಳೆದುಕೊಂಡು, ರಸ್ತೆಗಾಗಿ ಗುಡ್ಡ ಕಡಿದಿದ್ದಾರಲ್ಲ, ಅಲ್ಲಿಗೆ ಹೋದೆ. ಮಣ್ಣಿನ ಕೆಳಗೆ ಬಂಡೆಯ ಪದರಗಳು ಕಾಣುತ್ತವೆ. ಎಷ್ಟೋ ಸಲ ಅಲ್ಲೇ ನಿಂತು ಬಸ್ಸಿಗೆ ಕಾದಿದ್ದೇನೆ, ತಿರುಗಿ ನೋಡಿರಲಿಲ್ಲ. ನೆಲದ ಮೇಲ್ಮೈ ಕೆರೆಯ ಕಡೆಗೆ ಇಳಿದಿದೆ. ಒಳಗಿನ ಬಂಡೆ ಅದಕ್ಕೆ ಬೆನ್ನು ಹಾಕಿ ಚಿಲುಮೆಯ ಕಡೆಗೆ ಓರೆಯಾಗಿದೆ. ಮೇಲೆ ಚೆಲ್ಲಿದ ನೀರು ಕೆರೆಗೆ, ಗುಂಡಿಗೆ ಇಳಿದ ನೀರು ಬಂಡೆಯ ಮೇಲೆ ಜಾರಿ ಚಿಲುಮೆಗೆ. ನೀರಿನ ದಾರಿ ನೋಡುವುದೇ ನನ್ನ ಕಸುಬು, ಪುಟ್ಟೀ. ಊರಿನ ಗುಂಡಿಗಳನ್ನೆಲ್ಲ ಗುರುತು ಹಾಕಿದೆ, ನಮ್ಮದನ್ನು ಬಿಟ್ಟೆ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಳ್ಳಲ್ಲ.

ನಿನ್ನೆ ಮಧ್ಯಾಹ್ನ ಅಮ್ಮ ಮಲಗಿದ್ದಾಗ ಅವಳ ಬಚ್ಚಲಿಗೆ ಬಣ್ಣ ಸುರಿದಿದ್ದೇನೆ. ಬಾಗಿಲು ಕಿರ್ರೆನ್ನದ ಹಾಗೆ ಮುಚ್ಚಿ, ನನ್ನ ಮನೆಯಲ್ಲೇ ಕಳ್ಳಿಯ ಹಾಗೆ ಹೊರಗೆ ಬಂದೆ. ನಿನ್ನ ಭಾವನಿಗೂ ಹೇಳಿಲ್ಲ. ಬರಬಾರದು ಎಂದು ಬೇಡಿಕೊಳ್ಳುತ್ತಿದ್ದೇನೆ. ಬರದಿದ್ದರೆ ಚಿಲುಮೆಗೆ ಸಿಮೆಂಟು. ಬಂದರೆ ಅಮ್ಮನಿಗೆ ಏನು ಹೇಳಲಿ? ಯಾವುದನ್ನು ಬೇಡಿಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ. ಇವತ್ತು ಎರಡು ಬಾಟಲಿಗೆ ಒಂದೇ ಚೀಟಿ ಅಂಟಿಸಿದ್ದೆ. ಪಾಚಿ ನೋಡಿ ಕಿತ್ತು ಸರಿಮಾಡಿದ.

ಮಾರ್ಚ್ ೧೮, ಮಂಗಳವಾರ

ಬಂತು.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಅಮ್ಮ ಕರೆದಳು, ಜೋರಾಗೇನಲ್ಲ. "ಬಣ್ಣ ಬಂದಿದೆ ನೋಡು." ಹೋಗಿ ಕಿಟಕಿಯಿಂದ ನೋಡಿದರೆ ತೊಟ್ಟಿಯ ತುಂಬ ಹಸಿರು, ಬಿಸಿಲಿಗೆ ಫಳಫಳ ಅನ್ನುತ್ತಿದೆ. ಮಂಚದ ತುದಿಯಲ್ಲಿ ಕೂತೆ. ಯಾರದು ಅಂತ ಕೇಳುತ್ತಾಳೆ, ಏನು ಹೇಳಲಿ ಎಂದು ನಾನು ತಡವರಿಸುತ್ತಿದ್ದರೆ ಅವಳು ಕೇಳಲೇ ಇಲ್ಲ. ನನ್ನ ಕೈ ತಟ್ಟಿ, "ಹೋಗು, ಒಲೆ ಮೇಲೆ ಹಾಲಿದೆ," ಅಂದಳು. ಸದ್ಯ ಬಚಾವಾದೆ ಅಂದುಕೊಂಡೆ.

ಸೋಮವಾರ ಮಾಡಬೇಕಾದ್ದೆಲ್ಲ ಮಾಡಿದೆ. ಎಂಜಿನಿಯರ್‌ಗೆ ಹೇಳಿದೆ. ಆತ ಒಂದು ನಿಮಿಷ ತಲೆ ಕೆರೆದುಕೊಂಡು, "ಕಾರಣ ಸಿಕ್ತಲ್ಲ ಮೇಡಂ, ಇನ್ನು ಮುಚ್ಚೋ ಮಾತೇ ಇಲ್ಲ," ಅಂದ. ನಮ್ಮ ಗುಂಡಿಯನ್ನು ಬರಿದು ಮಾಡಿ, ಕೆಡವಿ, ಸೋರದ ತೊಟ್ಟಿ ಇಡಿಸಿ, ಕೊಳವೆಯನ್ನು ಕೆಳಗಿನ ಬೀದಿಯ ಚರಂಡಿಗೆ ಸೇರಿಸಬೇಕು. ಬೇಸಿಗೆ ಕಳೆಯುವಷ್ಟರಲ್ಲಿ ಚಿಲುಮೆ ತಾನಾಗಿ ತಿಳಿಯಾಗುತ್ತದೆ. ಚಿಲುಮೆ ಉಳಿಯಿತು, ಪುಟ್ಟೀ! ಇಷ್ಟಕ್ಕೇ ನಾನು ಕುಣಿಯಬೇಕಿತ್ತು.

ಆಮೇಲೆ ಲಾಡ್ಜಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ನಮ್ಮದೇ," ಅಂದೆ, ಅಷ್ಟೇ. ಚೆನ್ನಾಗಿ ಅನ್ನಿಸಿಕೊಳ್ಳಲು ತಯಾರಾಗಿದ್ದೆ. ಆತ ಮೀಸೆ ಸವರಿಕೊಂಡು, "ಅಜ್ಜಿಗೆ ಹೇಳಿದ್ರಾ?" ಅಂದ. ಇಲ್ಲ ಅಂದೆ. "ಹೇಳ್ಬೇಡಿ ಬಿಡಿ. ಬೇಕಾದ್ರೆ ನಮ್ಮ ಲಾಡ್ಜಿಂದೇ ಅಂತ ಹೇಳಿ. ನಾನು ಚಿಕ್ಕೋನಿದ್ದಾಗ ಆ ತೊಟ್ಟಿಲಿ ಕಾಲು ತೊಳೆದಿದ್ದಕ್ಕೆ ಕಿವಿ ಹಿಂಡಿದ್ರು. ಇನ್ನೊಂದು ಸಲ ಹಿಂಡಿಸ್ಕೊಂಡ್ರಾಯ್ತು." ನಾನು ಅಲ್ಲೇ ಅತ್ತುಬಿಟ್ಟೆ. ಪಾಪ, ಆತ ಗಾಬರಿಯಾಗಿ ಟೀ ತರಿಸಿದ.

ಅಮ್ಮನಿಗೆ ನಾನು ಹೇಳಿರುವುದು ಇಷ್ಟೇ: ಎಲ್ಲೋ ಒಂದು ಹಳೆಯ ಕೊಳವೆ ಒಡೆದಿತ್ತು, ಸಿಕ್ಕಿತು, ರಿಪೇರಿ ಆಗುತ್ತದೆ, ಚಿಲುಮೆ ಮುಚ್ಚುವುದಿಲ್ಲ. "ಒಳ್ಳೇದಾಯ್ತು," ಅಂದಳು. ಅವಳ ಬಚ್ಚಲಿನ ಕೊಳವೆಯನ್ನೂ ಇದೇ ಸಮಯದಲ್ಲಿ ಬದಲಾಯಿಸುತ್ತಾರೆ, ಅಲ್ಲಿಯವರೆಗೆ ಮುಂದಿನ ಬಚ್ಚಲಿಗೆ ನಾನೇ ಹಿಡಿದುಕೊಂಡು ಹೋಗುತ್ತೇನೆ ಅಂದೆ. ಅಲ್ಲಿ ಮೆಟ್ಟಿಲು ಹತ್ತಬೇಕು, ಒಬ್ಬಳಿಂದ ಆಗುವುದಿಲ್ಲ. ಅದಕ್ಕೂ ಹೂಂ ಅಂದಳು. ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದವಳು ಹೀಗೆ ಎಲ್ಲಕ್ಕೂ ಹೂಂಗುಟ್ಟಿದರೆ ನನಗೇ ಕಸಿವಿಸಿ.

ನೀನೂ ಬಾಯಿ ಬಿಡಬೇಡ. ನಾವಿಬ್ಬರೂ ಆಸೆಪಟ್ಟು ಅವಳಿಗೆಂದು ಕಟ್ಟಿಸಿದ್ದೇ ಅವಳ ಚಿಲುಮೆಯನ್ನು ಕೆಡಿಸಿತು ಎಂದು ಅವಳಿಗೆ ಗೊತ್ತಾಗಬಾರದು. ನಿನ್ನ ನಕ್ಷೆಯಲ್ಲಿ ತಪ್ಪೇನಿಲ್ಲ, ನೀನು ಕೊರಗಬೇಡ. ಗುಂಡಿಯ ಜಾಗ ತೋರಿಸಿದವಳು ನಾನು.

ಬೇರೆ ಸುದ್ದಿ ಹೆಚ್ಚೇನಿಲ್ಲ. ಅಮ್ಮನ ಔಷಧಿ ಸರಿಯಾಗಿ ನಡೆಯುತ್ತಿದೆ. ಡಾಕ್ಟರು ನೀರು ಜಾಸ್ತಿ ಕುಡಿಸಿ ಅಂದಿದ್ದಾರೆ. ಚಿಲುಮೆಯ ನೀರು ಕುಡಿಯುವುದು ನಿಂತ ಮೇಲೆ ಕಾಯಿಸಿದ ನೀರು ಕೊಡುತ್ತಿದ್ದೇನೆ. ಸಪ್ಪೆ ಅಂತ ಮುಖ ಹಿಂಡುತ್ತಿದ್ದಳು. ಕಾಯಿಸಿದರೆ ನೀರಿನೊಳಗಿನ ಗಾಳಿ ಹೋಗಿಬಿಡುತ್ತದೆ, ಅದಕ್ಕೇ ಆ ರುಚಿ. ಎರಡು ಪಾತ್ರೆಯಲ್ಲಿ ಎತ್ತರದಿಂದ ಎತ್ತಿ ಎತ್ತಿ ಹೊಯ್ದು ಗಾಳಿ ಸೇರಿಸಿ ಕೊಡುತ್ತೇನೆ. ಈಗ ಒಳ್ಳೆಯ ಮಗುವಿನ ಹಾಗೆ ಒಂದು ಹನಿ ಬಿಡದೆ ಖಾಲಿ ಮಾಡಿಡುತ್ತಾಳೆ. ಕಿಟಕಿಯಲ್ಲಿಡು ಅಂತ ನೀನು ಕೊಟ್ಟುಹೋದ ಬಳ್ಳಿ ಮಾತ್ರ ಯಾಕೋ ಹಳದಿಯಾಗುತ್ತಿದೆ. ಗೊಬ್ಬರ ಹಾಕಬೇಕೇನೋ, ಬರೆ.

ನಿನ್ನ ಮನೆಯವರಿಗೆ ನನ್ನ ನೆನಪು ಹೇಳು. ಮಗಳ ಮಂಡಿಗೆ ದೊಡ್ಡಮ್ಮನ ಮುತ್ತು. ನೀವು ಮೂವರೂ ತಣ್ಣಗಿರಿ, ನಿಮ್ಮ ಮನೆಯ ನೀರು ಯಾವಾಗಲೂ ತಿಳಿಯಾಗಿರಲಿ. ನೀರು ನೋಡುವವಳು ಇದಕ್ಕಿಂತ ದೊಡ್ಡ ಆಶೀರ್ವಾದ ಎಲ್ಲಿಂದ ತರಲಿ.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ಲಕೋಟೆ ಅಂಟಿಸಿದ ಮೇಲೆ ಆದದ್ದು. ಬಿಚ್ಚಿ ಬರೆಯುತ್ತಿದ್ದೇನೆ.

ಪಾಚಿ ಇವತ್ತು ಚಿಲುಮೆಯ ನೀರು ತರಲು ಬಂದವನು ಅಮ್ಮನನ್ನು ಮಾತಾಡಿಸಲು ಒಳಗೆ ಬಂದ. ಟೀ ಕುಡಿಯುತ್ತಾ, ಅಭ್ಯಾಸಬಲ ನೋಡು, ಕಿಟಕಿಯ ಕುಂಡಕ್ಕೆ ಬಗ್ಗಿ, ಜೇಬಿನಿಂದ ಭೂತಗನ್ನಡಿ ತೆಗೆದ. ಬಳ್ಳಿಯ ಬುಡದ ಮಣ್ಣಿನ ಮೇಲೆ ಹಸಿರು ಪದರ ಕಟ್ಟಿದೆ. "ಭಲೇ, ಎಷ್ಟು ಚೆನ್ನಾಗಿ ಬೆಳೆದಿದೆ! ಆದ್ರೆ ಯಾರ್ರೀ ಇದಕ್ಕೆ ಇಷ್ಟೊಂದು ನೀರು ಹಾಕೋದು? ಇದು ಒಂದೆರಡು ತಿಂಗಳಿಂದ ಒಣಗೇ ಇಲ್ಲ," ಅಂದ. ಅಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಖಾಲಿ ಲೋಟ ಕುಂಡದ ಪಕ್ಕದಲ್ಲೇ ಇತ್ತು.

ಅವನು ಹೋದ ಮೇಲೆ ಬಾಗಿಲು ಹಾಕಿ ಕೇಳಿದೆ. ಮೊದಲು, "ಬಳ್ಳಿಗೆ ಬಾಯಾರಿಕೆ," ಅಂದಳು. ನಾನು ಅತ್ತ ಮೇಲೆ ಹೇಳಿದಳು. "ನೀನೇ ಹೇಳಿದ್ಯಲ್ಲ, ಹೊಸದು ಅಂತ. ಈ ಗುಡ್ಡದ ಮೇಲೆ ಈ ವರ್ಷ ಹೊಸದು ಇನ್ನೇನಿದೆ? ನನ್ನ ಬಚ್ಚಲೊಂದೇ. ನೀರು ಕುಡಿದ್ರೆ ತಾನೇ ಹೋಗ್ಬೇಕು. ಆದಷ್ಟು ಕಮ್ಮಿ ಮಾಡ್ಕೊಂಡೆ."

"ಬಾಯಿ ಬಿಟ್ಟು ಹೇಳಬಾರದಿತ್ತಾ ಅಮ್ಮ?"

"ಒಂದ್ಸಲ ಕೇಳಿದೆನಲ್ಲ, ನೀನು ಸಾಧ್ಯಾನೇ ಇಲ್ಲ ಅಂದೆ. ಇಬ್ಬರೂ ಅಷ್ಟು ಆಸೆಯಿಂದ ಕಟ್ಟಿಸಿದೀರ. ಅದನ್ನ ಹೇಗೆ ಹೊಲಸು ಅನ್ಲಿ? ಮತ್ತೆ ನೀನು, ಬೀದಿಲಿ ನಿಲ್ಲಿಸ್ತೀನಿ ಅಂದಿದ್ದೆ."

ನಾನು ಊಟಕ್ಕೆ ಕೂತು ಕೂಗಾಡಿದ ಆ ದಿನದಿಂದ ಅವಳು ನೀರು ಬಿಟ್ಟಿದ್ದಾಳೆ, ಪುಟ್ಟೀ. ಒಣಗಿದ ತುಟಿ, ಆ ಸುಸ್ತು, ಎಲ್ಲ ಅದೇ. ನಾನು ಎತ್ತರದಿಂದ ಹೊಯ್ದು ಹೊಯ್ದು ಗಾಳಿ ಸೇರಿಸಿದ ನೀರನ್ನೆಲ್ಲ ನಿನ್ನ ಬಳ್ಳಿ ಕುಡಿದಿದೆ. ಈಗ ಅವಳ ಬಚ್ಚಲಿಗೆ ಬೀಗ ಬಿದ್ದ ಮೇಲೆ ಇನ್ನೂ ಹಟ. ಮೆಟ್ಟಿಲು ಹತ್ತಿಸಲು ನನ್ನನ್ನು ಕರೆಯಬೇಕಲ್ಲ ಅಂತ ಲೋಟ ಮುಟ್ಟುವುದಿಲ್ಲ. ಇವತ್ತು ಎದುರಿಗೇ ಕೂತು ಬೇಡಿಕೊಂಡೆ. ಎರಡು ಗುಟುಕು ಕುಡಿದು, "ಸಾಕು, ನಿನಗೆ ಕೆಲಸ ಇದೆ, ಹೋಗು," ಅಂದಳು.

ನನ್ನ ಮಾತಿಗೆ ಅವಳು ಕುಡಿಯುವುದಿಲ್ಲ. ನೀನು ಬಾ.